ಒಂದು ಪರಸಿ ಜಾಗದಲ್ಲಿ ಒಗೆದು ಒಣಗಿಸುವುದು

ಕಾರ್ಖಾನೆಯ ವಿನ್ಯಾಸ ವಿಭಾಗಕ್ಕೆ ಹೊಸದಾಗಿ ಸೇರಿದವರು ಮೊನ್ನೆ ನನ್ನನ್ನು ಕರೆಸಿಕೊಂಡು, ಚಹಾ ಕುಡಿಸಿ, "ಮೇಡಂ, ನಿಮ್ಮ ಅನುಭವ ನಾಕು ಮಾತಿನ್ಯಾಗ ಬರ್ದು ಕೊಡ್ರಿ" ಅಂದರು. ನಾಲ್ಕು ಮಾತಿಗೆ ನಿಲ್ಲುವ ಹೆಂಗಸು ನಾನಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಹೊಸಬರು, ಪಾಪ. ಗೊತ್ತಿದ್ದ ಹಳಬರು ಅಷ್ಟರಲ್ಲಿ ಏನೋ ಕೆಲಸ ನೆನಪಾದವರಂತೆ ಒಬ್ಬೊಬ್ಬರಾಗಿ ಎದ್ದು ಹೋಗಿದ್ದರು.

ನಾನು ಸುಮಂಗಲಾ, ಶಹಾಬಾದಿನವಳು. ಊರ ಹೊರಗಿರುವ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಆಸ್ಪತ್ರೆಗಳಿಗೂ ಹಾಸ್ಟೆಲ್ಲುಗಳಿಗೂ ಬಟ್ಟೆ ಒಗೆಯುವ ದೊಡ್ಡ ಯಂತ್ರಗಳನ್ನು ಮಾಡುತ್ತಾರೆ. ಅವುಗಳ ನಕ್ಷೆ ಬರೆಯುತ್ತಾ ನನ್ನ ಕೂದಲು ಹಣ್ಣಾಯಿತು. ಬಡ್ತಿಯ ವಿಷಯ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಮೊದಲ ಬಡ್ತಿಗೆ ಚಕ್ರದ ಕುರ್ಚಿ ಕೊಟ್ಟರು. ಅದರ ಚಕ್ರ ನೆಲದ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡು ನಾನು ಇದ್ದಲ್ಲೇ ಇದ್ದೆ. ಎರಡನೆಯದಕ್ಕೆ ಕೋಣೆ ಕೊಟ್ಟರು. ಅದರ ಏಸಿ ನನ್ನ ನಕ್ಷೆಗಳ ಮೇಲೆ ನೀರು ಸುರಿಸುತ್ತಿತ್ತು. ಬಡ್ತಿಯ ಕಥೆ ಇಷ್ಟೇ.

ನಮ್ಮ ಮುಖ್ಯಸ್ಥರು ಜಹಗೀರದಾರ ಸಾಹೇಬರು. ಜಹಗೀರು ಹೆಸರಿನಲ್ಲಿ ಮಾತ್ರ ಉಳಿದಿತ್ತು. ಆದರೆ ನಡಿಗೆ, ಕೆಮ್ಮು, ಕನ್ನಡಕ ಒರೆಸುವ ರೀತಿ, ಇವೆಲ್ಲ ಇನ್ನೂ ಹಳೆಯ ಠೀವಿಯಲ್ಲೇ ಇದ್ದವು. ನನ್ನ ಸಂದರ್ಶನದಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ. ಅದರ ಉತ್ತರವನ್ನೂ ಅವರೇ ಹೇಳಿಕೊಂಡರು.

"ಬಟ್ಟಿ ಒಗಿಯೂದು ನಿಮಗ ಗೊತ್ತದ ಇಲ್ಲೋ? ಅರೇ, ಹೆಣ್ಮಕ್ಕಳಿಗಿ ಇದೇನು ಕೇಳೂದು! ನಮ್ಮ ಆಫೀಸಿನ್ಯಾಗ ಎಲ್ಲಾರೂ ಗಂಡಸರು. ಒಬ್ಬರಿಗೂ ಒಂದು ಕರವಸ್ತ್ರ ಒಗದು ಗೊತ್ತಿಲ್ಲ. ನೀವು ಬಂದ್ರ ಭಾಳ ಅನುಕೂಲ ಆಗ್ತದ."

ನಾನು ಸುಮ್ಮನೆ ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ನಾನೂ ಒಗೆದವಳಲ್ಲ. ತವರಿನಲ್ಲಿ ಅವ್ವ ಒಗೆಯುತ್ತಿದ್ದಳು. ಮದುವೆಯಾದ ಮೇಲೆ ಆ ಕೆಲಸವನ್ನು ನನ್ನ ಯಜಮಾನರು ವಹಿಸಿಕೊಂಡರು. ಅವರು ಚಿತ್ತಾಪುರದಲ್ಲಿ ಮಾಸ್ತರರು, ಬಿಳಿ ಅಂಗಿಯ ಮೇಲೆ ಭಾರಿ ಪ್ರೀತಿ, ಅದನ್ನು ಬೇರೆಯವರ ಕೈಗೆ ಕೊಡುವ ಧೈರ್ಯವಿಲ್ಲ. ಹೀಗಾಗಿ ನಾನು ಸಂಜೆ ಅವರನ್ನು ಕೇಳಿಕೊಂಡು, ಬೆಳಿಗ್ಗೆ ಆಫೀಸಿನಲ್ಲಿ ನನ್ನದೇ ಜ್ಞಾನವೆಂಬಂತೆ ಹೇಳುತ್ತಿದ್ದೆ. ಕಾಲರಿನ ಕೊಳೆ ಏಕೆ ಹೋಗುವುದಿಲ್ಲ, ನಮ್ಮ ಕಡೆಯ ಸುಣ್ಣದ ನೀರಿನಲ್ಲಿ ಸಾಬೂನು ಏಕೆ ನೊರೆ ಬಿಡುವುದಿಲ್ಲ, ನೀಲಿಯನ್ನು ಯಾವಾಗ ಹಾಕಬೇಕು, ಎಲ್ಲವೂ ಅವರ ಪಾಠವೇ. ಜಹಗೀರದಾರ ಸಾಹೇಬರು ಬೆರಗಾಗಿ, "ಅನುಭವ ಅಂದ್ರ ಹಿಂಗಿರಬೇಕು" ಎಂದು ಉಳಿದವರಿಗೆ ನನ್ನನ್ನು ತೋರಿಸುತ್ತಿದ್ದರು. ಹೊಸಬರಿಗೆ ನನ್ನ ಮೊದಲ ಸಲಹೆ ಇದೇ: ಯಂತ್ರ ಮಾಡುವ ಮೊದಲು, ಆ ಕೆಲಸವನ್ನು ಮನೆಯಲ್ಲಿ ಯಾರು ಮಾಡುತ್ತಾರೆ ಎಂದು ಕೇಳಿ. ಹೆಂಗಸೇ ಮಾಡುತ್ತಾಳೆ ಎಂದುಕೊಳ್ಳಬೇಡಿ.

ಇನ್ನೊಂದು ಪಾಠ ಕುಂಚಾವರಂ ಕಡೆ ಕಲಿತದ್ದು. ಚಿಂಚೋಳಿ ದಾಟಿ, ಕಾಡು ಹೊಕ್ಕು, ತೆಲುಗು ಮಾತು ಕೇಳಿಸಲು ಶುರುವಾಗುವಲ್ಲಿ ಒಂದು ಹಾಸ್ಟೆಲ್ಲಿಗೆ ನಾವು ನೀರು ಹಿಂಡುವ ಯಂತ್ರ ಕೊಟ್ಟಿದ್ದೆವು. ಅದು ನೀರು ಬಿಡುತ್ತಿಲ್ಲ ಎಂದು ದೂರು ಬಂತು. ನಾನು ಮತ್ತು ನಮ್ಮ ಫಿಟ್ಟರ್ ಮೌಲಾಲಿ ಹೋದೆವು. ಮೌಲಾಲಿ ವಾಡಿಯವನು, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಪಂಪು ಬಿಚ್ಚಿದವನೇ ನನ್ನನ್ನು ಕರೆದ.

"ಮೇಡಂ, ಜರಾ ಇಲ್ಲಿ ನೋಡ್ರಿ. ಹೊಲ ಆಗ್ಯದ."

ಒಳಗೆ ತೊಗರಿ ಮೊಳಕೆ ಒಡೆದಿತ್ತು. ಹಾಸ್ಟೆಲ್ಲಿನ ಅಡುಗೆಯವಳು ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. "ಏಂ ಚೇಯಾಲಮ್ಮಾ, ಮಳಿ ಹಿಡದಿತ್ತು" ಎಂದು, ಏನು ಮಾಡಲಮ್ಮಾ ಅನ್ನುವುದನ್ನು ತೆಲುಗಿನಲ್ಲೇ ಹೇಳಿದಳು. "ತೊಗರಿ ತೊಯ್ದಿತ್ತು. ಅಂಗಿ ಒಣಗತಾವ ಅಂದ್ರ ತೊಗರಿ ಯಾಕ ಒಣಗಂಗಿಲ್ಲ ಅಂತ ಹಾಕ್ದೆ." ಯಂತ್ರಕ್ಕೆ ಏನು ಹಾಕಬೇಕೆಂದು ತೀರ್ಮಾನಿಸುವವರು ನಾವಲ್ಲ ಎಂದು ಅಂದು ಕಲಿತೆ. ಮೌಲಾಲಿಯಂತೂ ವಾಪಸ್ ಬರುವ ದಾರಿಯುದ್ದಕ್ಕೂ, ಯಂತ್ರಕ್ಕೆ ಬೇಳೆ ಒಡೆಯುವ ಒಂದು ಕಲ್ಲು ಸೇರಿಸಿದರೆ ಮಾರಾಟ ಹೆಚ್ಚುತ್ತದೆ ಎಂದು ಲೆಕ್ಕ ಹಾಕುತ್ತಾ ಬಂದ.

ದಂಡೋತಿಯ ಕಥೆ ಹೇಳದಿದ್ದರೆ ಜಹಗೀರದಾರ ಸಾಹೇಬರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಆಗ ನಮ್ಮ ಯಂತ್ರಗಳಲ್ಲಿ ಬೇರಿಂಗು ಮೇಲಿಂದ ಮೇಲೆ ಹಾಳಾಗುತ್ತಿತ್ತು. ಜನ ಕೌದಿ ಹಾಕುತ್ತಾರೆ ಎಂದು ಮೌಲಾಲಿ ಹೇಳಿದ. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿ ಒದ್ದೆಯಾದರೆ ಬೇರಿಂಗು ಮುರಿಯುವಷ್ಟು ಭಾರವಾಗುತ್ತದೆ ಎಂದು ಸಾಹೇಬರಿಗೆ ನಂಬಿಕೆ ಬರಲಿಲ್ಲ. ದಂಡೋತಿಯಲ್ಲಿ ಕಾಗಿಣಾ ನದಿಯ ದಂಡೆಗೆ ಹೋಗಿ ಕಣ್ಣಾರೆ ನೋಡುತ್ತೇನೆಂದು ಹೊರಟರು. ಅಲ್ಲಿ ಒಬ್ಬ ಮುದುಕಿ ಕೌದಿ ಒಗೆಯುತ್ತಿದ್ದಳು. ಪ್ಯಾಂಟು ಮಡಚಿಕೊಂಡು ನಿಂತಿದ್ದ ಸಾಹೇಬರನ್ನು ಕಂಡು ಅವಳಿಗೆ ಕೆಲಸದ ಆಳು ಸಿಕ್ಕಂತಾಯಿತು.

"ನೋಡ್ಕೋತ ಯಾಕ ನಿಂತೀಯಪ್ಪಾ? ಆ ಕಡಿ ತುದಿ ಹಿಡಿ, ಹಿಂಡೂಣು."

ಸಾಹೇಬರು ತುದಿ ಹಿಡಿದರು. ಮುದುಕಿ ತಿರುವಿದಳು. ಕೌದಿ ತಿರುಗುವ ಬದಲು ಸಾಹೇಬರು ತಿರುಗಿದರು. ಮೊದಲು ಕೆಸರು, ಆಮೇಲೆ ಕಾಗಿಣಾ. ನೀರು ಮೊಣಕಾಲಿನಷ್ಟೇ ಇದ್ದುದರಿಂದ ಠೀವಿಗೆ ಬಿಟ್ಟರೆ ಬೇರೇನಕ್ಕೂ ಪೆಟ್ಟಾಗಲಿಲ್ಲ. ಮರುದಿನವೇ ದಪ್ಪ ಬೇರಿಂಗಿಗೆ ಒಪ್ಪಿಗೆ ಸಿಕ್ಕಿತು. ಎಷ್ಟೋ ತಿಂಗಳು ನಾನು ಪತ್ರ ಬರೆದು ಆಗದ ಕೆಲಸ ಅದು.

ಇನ್ನು ನೀವು ನಿಜವಾಗಿ ಕೇಳಬೇಕಾದ ವಿಷಯಕ್ಕೆ ಬರುತ್ತೇನೆ. ಒಂದೇ ಯಂತ್ರದಲ್ಲಿ ಒಗೆದು, ಅದರಲ್ಲೇ ಒಣಗಿಸಿ, ಸಣ್ಣ ಮನೆಯಲ್ಲೂ ಹಿಡಿಸುವಂಥದ್ದನ್ನು ಮಾಡಬೇಕೆಂಬುದು ನನ್ನ ಬಹಳ ದಿನದ ಆಸೆ. ಈ ಮಾತು ಎತ್ತಿದಾಗಲೆಲ್ಲ ನಮ್ಮ ಮಾಲೀಕರು ಕಿಟಕಿ ತೆರೆದು ಹೊರಗಿನ ಬಿಸಿಲು ತೋರಿಸುತ್ತಿದ್ದರು. "ಸುಮಂಗಲಾಬಾಯಿ, ಈ ಬಿಸಲಾಗ ಮನಷ್ಯಾನೇ ಒಣಗ್ತಾನ. ಬಟ್ಟಿ ಒಣಗಸಾಕ ಯಾರ್ ಮಷೀನ್ ತಗೋತಾರ?" ಅವರ ಮಾತು ತಪ್ಪೇನಲ್ಲ. ನನ್ನ ಆಸೆ ಪ್ರತಿ ಸಲವೂ ಆ ಕಿಟಕಿಯ ಹತ್ತಿರ ಬಂದು ನಿಲ್ಲುತ್ತಿತ್ತು.

ಆಗ ಮೌಲಾಲಿ ಒಂದು ದಿನ ತನ್ನ ಓಣಿಯ ರತ್ನಮ್ಮನನ್ನು ಕರೆತಂದ. ಆಕೆ ವಾಡಿಯಲ್ಲಿ ಒಂದೇ ಕೋಣೆಯ ಮನೆಯಲ್ಲಿ ಮಗಳೊಂದಿಗೆ ಇದ್ದಳು. ಚಿತ್ತಾಪುರದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯ ಹಾಸಿಗೆ ಬಟ್ಟೆ, ಕೂಸಿನ ಬಟ್ಟೆ ಒಗೆದುಕೊಡುವುದು ಅವಳ ಕೆಲಸ. ಕಂಕುಳಲ್ಲಿದ್ದ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಒಂದು ಹಾಸಿಗೆ ಬಟ್ಟೆ ಹರವಿದಳು.

"ಕೈ ಆಡಸ್ರಿ ಅಕ್ಕಾರ."

ಆಡಿಸಿದೆ. ನೋಡಲು ಶುಭ್ರ, ಮುಟ್ಟಿದರೆ ಮರಳು ಕಾಗದ. ಓಣಿಯ ಆಚೆಗೇ ಕಲ್ಲು ಪಾಲಿಶ್ ಮಾಡುವ ಜಾಗಗಳು. ಗಾಳಿಗೆ ಕಲ್ಲಿನ ಪುಡಿ ಹಾರಿ ಒದ್ದೆ ಬಟ್ಟೆಗೆ ಕೂರುತ್ತದೆ. ಒಣಗಿದ ಮೇಲೆ ಕೊಡವಿದರೂ ಹೋಗುವುದಿಲ್ಲ. ಮಳೆಗಾಲದಲ್ಲಿ ಒಳಗೆ ಹಗ್ಗ ಕಟ್ಟಿದರೆ ಮುಗ್ಗಲು ವಾಸನೆ. ಕೂಸುಗಳ ಮೈ ಕೆಂಪಾಗುತ್ತಿದೆ ಎಂದು ಡಾಕ್ಟರು ಬೇಸರ ಮಾಡಿಕೊಂಡಿದ್ದರು.

"ದಸರಾ ತನಕ ನೋಡ್ತೀನಿ, ಆಮ್ಯಾಲ ಬಟ್ಟಿ ಕಲಬುರಗಿಗಿ ಕಳಸ್ತೀನಿ ಅಂದಾರ್ರಿ" ಎಂದಳು ರತ್ನಮ್ಮ. "ಅವರದೇನೂ ತಪ್ಪಿಲ್ಲ, ಕೂಸಿನ ಮೈ ಅಲ್ಲೇನ್ರಿ. ಖರೆ ಈ ಕೆಲಸ ಹೋದ್ರ ನಾ ಮತ್ತ ಪಾಲಿಶ್ ಮಷೀನಿಗಿ ನಿಲ್ಲಬೇಕು. ಮೊದಲ ಅಲ್ಲೇ ಇದ್ದೆ. ಎದಿ ಹಿಡೀತು, ಬಿಟ್ಟು ಬಂದೆ. ಈ ಸಲ ಹೋದ್ರ ನನ್ನ ಎದಿ ತಡ್ಯಂಗಿಲ್ರಿ."

ಅವಳು ಅಳಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದಳು. ಬಿಸಿಲಿನ ಊರಿನಲ್ಲಿ ಒಣಗಿಸುವ ಯಂತ್ರ ಯಾರಿಗೆ ಬೇಕು ಎಂಬ ಪ್ರಶ್ನೆಗೆ ಉತ್ತರ ನನ್ನ ಮುಂದೆಯೇ ನಿಂತಿತ್ತು. ಹಾಸಿಗೆ ಬಟ್ಟೆಯನ್ನು ಹಿಡಿದುಕೊಂಡು ಸಾಹೇಬರ ಕೋಣೆಗೆ ಹೋದೆ. ಅವರು ಮುಟ್ಟಿ ನೋಡಿದರು, ಕನ್ನಡಕ ಒರೆಸಿದರು, ಕೆಮ್ಮಿದರು. ಕೊನೆಗೆ ಮಾಲೀಕರ ಹತ್ತಿರ ಹೋಗಿ, ಪರೀಕ್ಷೆಗೆ ಒಂದೇ ಒಂದು ಯಂತ್ರ, ಅದೂ ಗುಜರಿ ಭಾಗಗಳಲ್ಲಿ, ಎಂದು ಒಪ್ಪಿಸಿ ಬಂದರು. ಪರೀಕ್ಷೆಯ ಜಾಗ ರತ್ನಮ್ಮನ ಮನೆ.

ಈಗ ನಮ್ಮ ಊರಿನವರಷ್ಟೇ ಮಾಡಬಲ್ಲ ತಪ್ಪೊಂದನ್ನು ಕೇಳಿ. ಜಾಗ ಎಷ್ಟಿದೆ ಎಂದು ನಾನು ರತ್ನಮ್ಮನಿಗೆ ಫೋನು ಮಾಡಿದೆ. ಎಲ್ಲರೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದೆ.

"ಮಂಚಕ್ಕೂ ಒಲಿ ಕಟ್ಟಿಗೂ ನಡುವ ಒಂದು ಪರಸಿ ಜಾಗಾ ಅದ್ರಿ."

ಪರಸಿ ಎಂದರೆ ನೆಲಕ್ಕೆ ಹಾಸುವ ಚೌಕ ಕಲ್ಲು. ನಾವು ಕಲ್ಲಿನ ಊರಿನವರು. ಕೂಸು ಅಂಬೆಗಾಲಿಡುವುದು ಪರಸಿ ಮೇಲೆ, ಕೋಣೆ ಅಳೆಯುವುದು ಪರಸಿಯಲ್ಲಿ, ಮದುವೆಮನೆಯಲ್ಲಿ ಒಂದು ಪರಸಿಗೆ ಇಬ್ಬರಂತೆ ಪಂಕ್ತಿಗೆ ಕೂಡಿಸುವುದು. ಪರಸಿ ಎಂದರೆ ಎರಡು ಅಡಿ, ಅದನ್ನು ಯಾರಾದರೂ ಹೇಳಿಕೊಡಬೇಕೇ? ಜಹಗೀರದಾರ ಸಾಹೇಬರು ತಲೆಯಾಡಿಸಿದರು, ನಾನು ತಲೆಯಾಡಿಸಿದೆ, ಮೌಲಾಲಿಯೂ ಆಡಿಸಿದ. ಅವನು ಆ ಓಣಿಯವನೇ! ನಮ್ಮ ಕಾಲ ಕೆಳಗಿನ ಕಲ್ಲಿನ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆದು, ಆ ಗೆರೆಯೊಳಗೆ ಸರಿಯಾಗಿ ಕೂರುವಂತೆ ಯಂತ್ರ ಕಟ್ಟಿದೆವು. ಬೆಂಗಳೂರಿನವನೋ ಪುಣೆಯವನೋ ಒಬ್ಬ ನಮ್ಮಲ್ಲಿ ಇದ್ದಿದ್ದರೆ ಟೇಪು ಹಿಡಿದುಕೊಂಡು ಹೋಗಿ ಬರುತ್ತಿದ್ದ.

ಯಂತ್ರ ಚೆನ್ನಾಗಿಯೇ ಆಯಿತು. ಮುಂದೆ ದುಂಡು ಬಾಗಿಲು, ಒಳಗೆ ಡ್ರಮ್ಮು, ಮೇಲೆ ಬಿಸಿಗಾಳಿಯ ಕೊಳವೆ. ಮೊದಲ ಸಲ ಜೋರಾಗಿ ತಿರುಗಿಸಿದಾಗ ನಯವಾದ ಕಲ್ಲಿನ ಮೇಲೆ ಜಾರುತ್ತಾ ಬಾಗಿಲ ಕಡೆ ನಡೆದೇಬಿಟ್ಟಿತು. "ವಾಡಿಗಿ ತಾನೇ ಹೊಂಟದ ನೋಡ್ರಿ" ಅಂದ ಮೌಲಾಲಿ. ಕಾಲಿಗೆ ರಬ್ಬರು ಹಾಕಿ ನಿಲ್ಲಿಸಿದೆವು.

ಟೆಂಪೋದಲ್ಲಿ ವಾಡಿಗೆ ಒಯ್ದೆವು. ರತ್ನಮ್ಮ ಜಾಗ ಗುಡಿಸಿ, ಸಾರಿಸಿ, ಕುಂಕುಮ ಹಿಡಿದುಕೊಂಡು ನಿಂತಿದ್ದಳು. ಯಂತ್ರವನ್ನು ಒಳಗೆ ತಂದು, ಮಂಚಕ್ಕೂ ಒಲೆಯ ಕಟ್ಟೆಗೂ ನಡುವೆ ಇಡಲು ಹೋದರೆ ಹೋಗಲೇ ಇಲ್ಲ. ಈ ಕಡೆಯಿಂದ ತಳ್ಳಿದರು, ಆ ಕಡೆಯಿಂದ ಎಳೆದರು, ಓರೆ ಮಾಡಿದರು. ಒಂದು ಗೇಣು ಜಾಗ ಕಡಿಮೆ. ಸಾಹೇಬರು ಕೆಳಗೆ ನೋಡಿದರು. ಅವರ ಮುಖ ನೋಡಿ ನಾನೂ ಕೆಳಗೆ ನೋಡಿದೆ. ರತ್ನಮ್ಮನ ಮನೆಯ ಪರಸಿ ನಮ್ಮ ಪರಸಿಯಲ್ಲ. ಮೂಲೆ ಮುರಿದದ್ದು, ಪಾಲಿಶ್ ಆಗದೆ ಉಳಿದದ್ದು, ಅಂಥ ತುಂಡುಗಳನ್ನು ಎರಡಡಿಗಿಂತ ಸಣ್ಣ ಚೌಕ ಕಡಿದು ಹಾಸಿದ ನೆಲ ಅದು. ನಮ್ಮಲ್ಲಿ ಬಹಳಷ್ಟು ಮನೆಗಳು ಹಾಗೆಯೇ. ಒಳ್ಳೆಯ ಕಲ್ಲು ಲಾರಿ ಹತ್ತಿ ದೂರದ ಊರಿಗೆ ಹೋಗುತ್ತದೆ, ಉಳಿದದ್ದು ನಮ್ಮ ಕಾಲ ಕೆಳಗೆ ಬರುತ್ತದೆ.

"ನಿಂದೂ ಇದೇ ನೆಲ ಅಲ್ಲೇನೋ?" ಎಂದು ಸಾಹೇಬರು ಮೌಲಾಲಿಯನ್ನು ಕೇಳಿದರು.

"ಹೌದ್ರಿ ಸಾಹೇಬ್ರ. ಖರೆ ನಾ ಮನ್ಯಾಗ ಇರೂದು ಮಲಗಾಕ ಅಷ್ಟೇ. ಮಲಗಿದವ ನೆಲ ಹ್ಯಾಂಗ ಅಳೀತಾನ?"

ಎಲ್ಲರೂ ನಕ್ಕರು, ರತ್ನಮ್ಮ ಮಾತ್ರ ನಗಲಿಲ್ಲ. ಅವಳು ಯಂತ್ರವನ್ನು ನೋಡುತ್ತಿದ್ದಳು, ಅದರ ಆಚೆ ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದಳು. ದಸರಾ ಹತ್ತಿರ ಬಂದಿತ್ತು. ನನ್ನ ನಗು ಅಲ್ಲೇ ಇಂಗಿತು.

ಮಂಚ ತೆಗೆದು ಹೊರಗಿಟ್ಟು, ಯಂತ್ರವನ್ನು ಆ ಜಾಗದಲ್ಲಿಟ್ಟು ಒಂದು ಸಲ ಓಡಿಸಿ ತೋರಿಸಿದೆವು. ಒಗೆಯುವವರೆಗೆ ರತ್ನಮ್ಮ ಮೆಚ್ಚಿಕೊಂಡೇ ನೋಡಿದಳು. ಒಣಗಿಸುವ ಗುಂಡಿ ಒತ್ತಿದ ಮೇಲೂ ಯಂತ್ರ ಪೀಪಾಯಿಯಿಂದ ನೀರು ಎಳೆಯುವುದನ್ನು ಕಂಡು ಅವಳ ಹುಬ್ಬು ಮೇಲೇರಿತು.

"ಇದು ಈಗ ಯಾಕ ನೀರು ಕುಡ್ಯಾಕತ್ತದ?"

ನಾನು ವಿವರಿಸಿದೆ. ಬಿಸಿಗಾಳಿ ಬಟ್ಟೆಯ ತೇವವನ್ನು ಆವಿ ಮಾಡುತ್ತದೆ. ಆ ಆವಿಯನ್ನು ಮನೆಯೊಳಗೆ ಬಿಟ್ಟರೆ ಗೋಡೆ ಬೆವರುತ್ತದೆ, ಹೊರಗೆ ಬಿಡೋಣವೆಂದರೆ ಇರುವ ಒಂದೇ ಕಿಟಕಿ ಪಕ್ಕದ ಮನೆಯವರ ಬಾಗಿಲಿಗೆ ಎದುರು. ಅದಕ್ಕೇ ತಣ್ಣೀರು ಹರಿಸಿ ಆವಿಯನ್ನು ಯಂತ್ರದೊಳಗೇ ನೀರು ಮಾಡಿ ಹೊರಗೆ ಬಿಡುತ್ತೇವೆ ಎಂದೆ.

"ಒಗಿಯಾಕ ನೀರು ಬೇಕು, ತಿಳೀತು. ಒಣಗಸಾಕೂ ನೀರು ಬೇಕಂದ್ರ ಇದ್ಯಾವ ಊರ ಒಣಗಸೂದ್ರಿ ಅಕ್ಕಾರ? ನಳದ ನೀರು ಬಂದಾಗ ಬಂತು, ಹ್ವಾದಾಗ ಹೋತು. ನಾವು ಕುಡ್ಯಾಕ ಏನು ಇಡಬೇಕು?"

ಪುಸ್ತಕದಲ್ಲಿ ಓದಿದಾಗ ಇದು ಬಹಳ ಜಾಣ ಉಪಾಯ ಅನಿಸಿತ್ತು. ಆ ಕೋಣೆಯಲ್ಲಿ, ಅರ್ಧ ಖಾಲಿಯಾದ ಪೀಪಾಯಿಯ ಪಕ್ಕ ನಿಂತು ಕೇಳಿದಾಗ ನನಗೇ ನಾಚಿಕೆಯಾಯಿತು. ಟೆಂಪೋದವನು ಯಂತ್ರವನ್ನು ಮತ್ತೆ ಹೇರಿಕೊಂಡ.

ಜಹಗೀರದಾರ ಸಾಹೇಬರನ್ನು ಇಷ್ಟು ಹೊತ್ತು ಛೇಡಿಸಿದ್ದೇನೆ. ಈಗ ಅವರಿಗೆ ಸಲ್ಲಬೇಕಾದದ್ದನ್ನು ಕೊಡಬೇಕು. ನೀರಿನ ವಿಷಯದಲ್ಲಿ ಅವರಂಥ ಜಿಪುಣರು ಸೇಡಂನಿಂದ ಶಹಾಬಾದ್‌ವರೆಗೆ ಹುಡುಕಿದರೂ ಸಿಗುವುದಿಲ್ಲ. ಅವರ ಮನೆಯಲ್ಲಿ ಅಕ್ಕಿ ತೊಳೆದ ನೀರು ತುಳಸಿಗೆ, ಮುಖ ತೊಳೆದ ನೀರು ಮಲ್ಲಿಗೆಗೆ. ಅತಿಥಿಗಳು ಅರ್ಧ ಕುಡಿದಿಟ್ಟ ಲೋಟದ ನೀರನ್ನೂ ಅವರು ಬಕೆಟ್ಟಿಗೆ ಸುರಿಯುವುದನ್ನು ನಾನೇ ಕಂಡಿದ್ದೇನೆ. ಮರುದಿನ ಬಂದವರೇ ನನ್ನ ಮೇಜಿನ ಮೇಲೆ ಕೈಯೂರಿ ನಿಂತರು.

"ಸುಮಂಗಲಾಬಾಯಿ, ಒಣಗಸಾಗ ಹೊರಗ ಹೋಗೂ ನೀರಿನ್ಯಾಗ ಸಾಬೂನು ಇರ್ತದೇನು?"

"ಇಲ್ರಿ."

"ಕೊಳಿ ಇರ್ತದೇನು?"

"ನಾಕು ನೂಲಿನ ಎಳಿ ಇರ್ತಾವ. ಜಾಳಿಗಿ ಹಾಕಿದ್ರ ನಿಲ್ತಾವ."

"ಮತ್ತ ಅಂಥಾ ಛಲೋ ನೀರು ಗಟಾರಕ್ಕ ಯಾಕ ಬಿಡಾಕತ್ತೀರಿ? ಹಿಡದಿಡ್ರಿ. ಮುಂದಿನ ಸರತಿ ಒಗಿಯಾಕ ಅದೇ ಮೊದಲ ನೀರು."

ನಾನು ಕುರ್ಚಿಯಿಂದ ಎದ್ದು ನಿಂತೆ. ಕುರ್ಚಿ ಎಂದಿನಂತೆ ಅಲುಗಲಿಲ್ಲ. ಯಂತ್ರದ ತಳದಲ್ಲಿ ಒಂದು ಚಪ್ಪಟೆ ತೊಟ್ಟಿ ಸೇರಿಸಿದೆವು. ಒಂದು ಸರತಿ ಒಣಗಿಸಿದ ನೀರು ಮುಂದಿನ ಸರತಿ ಒಗೆಯಲು ಬರುತ್ತಿತ್ತು, ಅದೂ ಉಗುರು ಬೆಚ್ಚಗೆ. ಯಾವ ಪುಸ್ತಕವೂ ಕೊಡದ ಉಪಾಯ ಒಬ್ಬ ಜಿಪುಣರ ಮಲ್ಲಿಗೆ ಬಳ್ಳಿಯಿಂದ ಬಂತು.

ಜಾಗದ ಸಮಸ್ಯೆ ಇನ್ನೂ ಉಳಿದಿತ್ತು. ಈ ಸಲ ಟೇಪು ಹಿಡಿದುಕೊಂಡು ನಾನೇ ಹೋದೆ. ಅಳೆಯುವುದಕ್ಕಿಂತ ಹೆಚ್ಚಾಗಿ ಮಂಚದ ಮೇಲೆ ಕೂತು ರತ್ನಮ್ಮ ಓಡಾಡುವುದನ್ನು ನೋಡಿದೆ. ಆಗ ಹೊಳೆಯಿತು. ಯಂತ್ರದ ಡಬ್ಬಿ ಚಿಕ್ಕದು ಮಾಡಿದರೆ ಸಾಲದು. ಮುಂದೆ ಬಾಗಿಲಿದ್ದರೆ ಅದು ತೆರೆದುಕೊಳ್ಳಲು ಜಾಗ ಬೇಕು, ಅದರ ಮುಂದೆ ಕೂತು ಬಟ್ಟೆ ಎಳೆಯುವ ಮನುಷ್ಯರಿಗೂ ಜಾಗ ಬೇಕು. ನಮ್ಮ ನಕ್ಷೆಯಲ್ಲಿ ಯಂತ್ರವಿತ್ತು, ರತ್ನಮ್ಮ ಇರಲಿಲ್ಲ. ಮುಂದಿನ ಬಾಗಿಲು ತೆಗೆದುಹಾಕಿ ಮೇಲೆ ಮುಚ್ಚಳ ಇಟ್ಟೆವು. ಡ್ರಮ್ಮನ್ನು ಅಡ್ಡ ಮಲಗಿಸಿ ಎರಡೂ ಕಡೆ ಆಧಾರ ಕೊಟ್ಟು, ಅದರ ಮೈಯಲ್ಲೇ ಒಂದು ಬಾಗಿಲು ಕೊರೆದೆವು. ಯಂತ್ರದ ಅಗಲ ಗೇಣಿಗಿಂತ ಹೆಚ್ಚೇ ಇಳಿಯಿತು. ಒಗೆಯಲು ತುಂಬಿದಷ್ಟು ಬಟ್ಟೆ ಒಣಗಿಸಲು ಆಗುವುದಿಲ್ಲ, ಗಾಳಿ ಆಡಲು ಡ್ರಮ್ಮು ಅರ್ಧ ಖಾಲಿ ಇರಬೇಕು, ಎಂದು ರತ್ನಮ್ಮನಿಗೆ ಮೊದಲೇ ಹೇಳಿದೆ. ಇದನ್ನು ಬಚ್ಚಿಟ್ಟು ಮಾರುವವರು ಉಂಟು, ನೀವು ಹಾಗೆ ಮಾಡಬೇಡಿ.

ಮೊದಮೊದಲು ಡ್ರಮ್ಮಿನ ಬಾಗಿಲು ತನಗೆ ತೋಚಿದ ಕಡೆ ನಿಲ್ಲುತ್ತಿತ್ತು. ಮುಚ್ಚಳ ತೆರೆದರೆ ಬಾಗಿಲು ಕೆಳಗೆ, ಬೆನ್ನು ಮೇಲೆ. "ಇದಕ್ಕ ತನ್ನ ಮುಖ ಯಾವ ಕಡಿ ಅಂತ ತನಗೇ ಗೊತ್ತಿಲ್ಲ" ಎಂದು ರತ್ನಮ್ಮ ಮೊದಲ ಸಲ ನಕ್ಕಳು. ಒಂದು ಅಯಸ್ಕಾಂತ ಅಂಟಿಸಿ, ಬಾಗಿಲು ಮೇಲೆ ಬಂದಾಗಲೇ ಮೋಟಾರು ನಿಲ್ಲುವಂತೆ ಮಾಡಿದೆವು. ಯಂತ್ರ ಮಂಚಕ್ಕೂ ಕಟ್ಟೆಗೂ ನಡುವೆ ಅಳೆದು ಮಾಡಿದಂತೆ ಕೂತಿತು. ಅಳೆದೇ ಮಾಡಿದ್ದೆವಲ್ಲ! ಕಾರ್ಖಾನೆಯ ನಯವಾದ ಕಲ್ಲಿನ ಮೇಲೆ ನಡೆದುಹೋಗುತ್ತಿದ್ದ ಯಂತ್ರ, ರತ್ನಮ್ಮನ ಮನೆಯ ಒರಟು ಪರಸಿಯ ಮೇಲೆ ಒಂದು ಕೂದಲಿನಷ್ಟೂ ಜರುಗಲಿಲ್ಲ.

ದಸರಾಕ್ಕೆ ಮೊದಲಿನ ವಾರ ನಾನೂ ರತ್ನಮ್ಮನೂ ಬಟ್ಟೆಯ ಗಂಟಿನೊಂದಿಗೆ ಚಿತ್ತಾಪುರದ ಆಸ್ಪತ್ರೆಗೆ ಹೋದೆವು. ಹಿರಿಯ ನರ್ಸಮ್ಮ ಒಬ್ಬರು ಬಂದರು. ಬಟ್ಟೆಯ ಬಿಳುಪನ್ನು ಅವರು ನೋಡಲೇ ಇಲ್ಲ. ಕೂಸಿನ ಬಟ್ಟೆಯೊಂದನ್ನು ಎತ್ತಿ ತಮ್ಮ ಗಲ್ಲಕ್ಕೆ ಉಜ್ಜಿಕೊಂಡರು. ಇನ್ನೊಂದು ಗಲ್ಲಕ್ಕೂ ಉಜ್ಜಿಕೊಂಡರು. ರತ್ನಮ್ಮ ನನ್ನ ಕೈ ಹಿಡಿದುಕೊಂಡಿದ್ದಳು, ಬೆರಳು ನೋಯುವಷ್ಟು.

"ಏನ್ ಹಾಕಿ ಒಗದಿ ರತ್ನಾ? ಬೆಣ್ಣಿ ಆಗ್ಯದಲ್ಲ!"

ಆಗ ಅವಳು ಅತ್ತಳು. ನಾನೂ ಅತ್ತೆ, ಅದನ್ನೇನು ಮುಚ್ಚಿಡುವುದು. ಕೆಲಸ ಉಳಿಯಿತು. ನರ್ಸಮ್ಮ ಇಬ್ಬರಿಗೂ ಚಹಾ ತರಿಸಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಕಾರ್ಖಾನೆ ಎಂದರೆ ಮಾಲೀಕರು, ಮಾಲೀಕರೆಂದರೆ ಆ ಕಿಟಕಿ. ಬೇಸಿಗೆ ಬಂತು, ಕಿಟಕಿ ತೆರೆಯಿತು, ಬಿಸಿಲು ಕಂಡಿತು. ಇಂಥ ಯಂತ್ರ ಕೊಳ್ಳುವವರು ಈ ಸೀಮೆಯಲ್ಲಿ ಬೆರಳೆಣಿಕೆಯಷ್ಟು, ತಯಾರಿಕೆ ಬೇಡ, ಪರೀಕ್ಷೆ ಮುಗಿದಿದ್ದರೆ ಯಂತ್ರವನ್ನು ವಾಪಸ್ ತಂದು ಬಿಚ್ಚಿ, ಮೋಟಾರನ್ನು ಬೇರೆಯದಕ್ಕೆ ಹಾಕಿ ಎಂದರು. ನಾನು ವಾದಿಸಿದೆ, ಬೇಡಿಕೊಂಡೆ, ಕೊನೆಗೆ ಕೋಪದಿಂದ ನಕ್ಷೆಯ ಸುರುಳಿಯನ್ನು ಮೇಜಿಗೆ ಕುಟ್ಟಿದೆ. ಸಾಹೇಬರು ಕನ್ನಡಕ ಒರೆಸಿಕೊಂಡು ಟೆಂಪೋಗೆ ಹೇಳಿ ಕಳಿಸಿದರು. ಅವರ ಮೇಲೆ ಅಂದು ನನಗೆ ಬಂದಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ರತ್ನಮ್ಮನಿಗೆ ಮೌಲಾಲಿಯಿಂದ ಸುದ್ದಿ ಮುಟ್ಟಿತ್ತು. ನಾವು ಹೋಗುವಷ್ಟರಲ್ಲಿ ಯಂತ್ರದ ಮೈ ಒರೆಸಿ, ವೈರು ಸುತ್ತಿ ಮೇಲಿಟ್ಟಿದ್ದಳು.

"ಒಯ್ರಿ ಸಾಹೇಬ್ರ. ನಿಮ್ಮ ಮಾಲು ನಿಮಗ. ಇಷ್ಟು ದಿನಾ ಕೊಟ್ರಿ, ಅದೇ ಭಾಳ ಆತು."

ಸಾಹೇಬರು ಮುಚ್ಚಳ ಎತ್ತಿ ಒಳಗೆ ನೋಡಿದರು. "ಒಳಗ ಬಟ್ಟಿ ಅದಾವಲ್ಲ."

"ಹಸಿ ಅದಾವ್ರಿ. ನಡುವ ನಿಲ್ಲಸೀನಿ. ಈಗ ತಗೀತೀನಿ."

"ತಗೀಬ್ಯಾಡ. ಪರೀಕ್ಷಾ ಹಂಗ ನಡುವ ನಿಲ್ಲಸಬಾರದು. ಚಾಲೂ ಮಾಡು."

ಅವರು ಹೊಸ್ತಿಲ ಮೇಲೆ ಕೂತರು. ಯಂತ್ರ ತಿರುಗಿತು. ಹೊರಗೆ ಟೆಂಪೋದವನು ಹಾರ್ನ್ ಹೊಡೆದು ಹೊಡೆದು ಸುಮ್ಮನಾದ. ಬಟ್ಟೆ ಒಣಗಿತು. ರತ್ನಮ್ಮ ತೆಗೆದು ಮಡಚಿದಳು. ಸಾಹೇಬರು ಒಂದನ್ನು ಎತ್ತಿ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಗಲ್ಲಕ್ಕೆ ಉಜ್ಜಿಕೊಂಡರು.

"ಇನ್ನೊಂದು ಸರತಿ ಹಾಕು. ಒಂದರಿಂದ ಏನೂ ತಿಳ್ಯಂಗಿಲ್ಲ."

ಎರಡನೆಯದಾಯಿತು. ಸಂಜೆಯ ಬಿಸಿಲು ಓಣಿಗೆ ಇಳಿಯಿತು. ಸಾಹೇಬರು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು ನನ್ನ ಕಡೆ ತಿರುಗಿದರು.

"ಸುಮಂಗಲಾಬಾಯಿ, ನಿಮಗ ಏನ್ ಅನಸ್ತದ? ಪರೀಕ್ಷಾ ಮುಗದದೇನು?"

"ಇಲ್ರಿ ಸಾಹೇಬ್ರ" ಅಂದೆ. "ಮುಗದಿಲ್ಲ."

"ನನಗೂ ಹಂಗೇ ಅನಸ್ತದ."

ಟೆಂಪೋ ಖಾಲಿ ವಾಪಸ್ಸಾಯಿತು. ಸಾಹೇಬರು ನಿವೃತ್ತರಾಗುವವರೆಗೆ, ಮಾಲೀಕರು ಕೇಳಿದಾಗಲೆಲ್ಲ ಕನ್ನಡಕ ಒರೆಸಿ, "ಪರೀಕ್ಷಾ ನಡದದ್ರಿ" ಅನ್ನುತ್ತಿದ್ದರು. ಆಮೇಲೆ ಆ ಮಾತು ಹೇಳುವ ಕೆಲಸ ನನ್ನದಾಯಿತು. ನನಗೆ ಸಿಕ್ಕ ಬಡ್ತಿಗಳಲ್ಲಿ ಹೆಮ್ಮೆ ಪಡುವಂಥದ್ದು ಅದೊಂದೇ. ಈಗ ನಾನೂ ನಿವೃತ್ತಳು, ಇನ್ನು ಮಾಲೀಕರು ಕೇಳಿದರೆ ನೀವು ಹೇಳಬೇಕು.

ರತ್ನಮ್ಮನ ಎದೆ ಈಗ ಪರವಾಗಿಲ್ಲ. ಯಂತ್ರವೂ ಪರವಾಗಿಲ್ಲ, ಆದರೆ ಬೆಲ್ಟು ಸವೆದು ಸದ್ದು ಮಾಡುತ್ತಿದೆಯಂತೆ. ನಿಮ್ಮಲ್ಲಿ ಯಾರಾದರೂ ಆ ಪರೀಕ್ಷೆ ಎಲ್ಲಿಗೆ ಬಂತು ಎಂದು ನೋಡಲು ವಾಡಿಗೆ ಹೋಗುವುದಾದರೆ ಬರಿಗೈಯಲ್ಲಿ ಹೋಗಬೇಡಿ. ಹೊಸ ಬೆಲ್ಟು ಒಂದನ್ನು ತೆಗೆದುಕೊಂಡು ಹೋಗಿ, ಹಾಕಿ ಬನ್ನಿ.